ಸೋದರತ್ತೆಯ ಸಕ್ಕರೆ

ಹೆತ್ತ ಮಗಳ ತೊಟ್ಟಿಲ ಪಕ್ಕದಲ್ಲಿ ಸೋದರತ್ತೆಯ ಹಾಗೆ ನಿಂತುಕೊಳ್ಳುವ ಗತಿ ಯಾವ ಹೆಣ್ಣಿಗೂ ಬರಬಾರದು. ವನಜಾಕ್ಷಿಗೆ ಬಂತು. ಬಂದದ್ದು ಗಂಡನ ಕುರ್ಚಿಯ ದೆಸೆಯಿಂದ, ಆ ಕುರ್ಚಿಗೆ ಆಂಧ್ರದವರು ಮಾಡಿಟ್ಟ ಒಂದು ಕಾನೂನಿನ ದೆಸೆಯಿಂದ.

ಮೊದಲು ಆ ಗಂಡನ ವಿಷಯ ಹೇಳಿಬಿಡಬೇಕು, ಇಲ್ಲದಿದ್ದರೆ ಅವನ ಮೇಲೆ ಸುಮ್ಮನೆ ಹರಿಹಾಯ್ದ ಹಾಗಾಗುತ್ತದೆ. ಅಂಜಿನೇಯ ಕೆಟ್ಟವನಲ್ಲ. ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ, ಮಕ್ಕಳನ್ನು ಹೆಗಲ ಮೇಲಿಂದ ಇಳಿಸಿದವನಲ್ಲ. ಮೊಳಕಾಲ್ಮೂರು ದಾಟಿ ರಾಯದುರ್ಗದ ಕಡೆ ಹೋದರೆ ಗಡಿಯಾಚೆಗೆ ಸಿಗುವ ಒಂದು ಹಳ್ಳಿ ಅವನದು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಸಿಟ್ಟು ಬಂದರೆ ಎರಡೂ. ಎರಡು ಸಾವಿರದ ಒಂದನೇ ಇಸವಿಯಲ್ಲಿ ಆ ಊರಿಗೆ ಸರಪಂಚನಾಗಿ ಗೆದ್ದ. ಗೆದ್ದದ್ದು ಕೂದಲೆಳೆಯಲ್ಲಿ. ಸೋತ ಓಬಳಪ್ಪ ಅಂದಿನಿಂದ ಗೆದ್ದವನ ಮನೆಯ ಒಲೆಯ ಮೇಲೆ ಏನು ಬೇಯುತ್ತಿದೆ ಎಂದು ಮೂಸಿಕೊಂಡೇ ಓಡಾಡುತ್ತಿದ್ದ.

ಅಲ್ಲಿಯ ಪಂಚಾಯ್ತಿ ಕಾನೂನು ಹೇಗೆಂದರೆ, ಎರಡು ಮಕ್ಕಳಿರುವವನಿಗೆ ಮೂರನೆಯದು ಹುಟ್ಟಿತೋ, ಕುರ್ಚಿ ಖಾಲಿ ಮಾಡಬೇಕು. ಜನಸಂಖ್ಯೆ ಕಮ್ಮಿಯಾಗಲಿ ಅಂತ. ಕರ್ನಾಟಕದ ಪಂಚಾಯ್ತಿಗಳಿಗೆ ಇಂಥದ್ದೊಂದು ಇರಲಿಲ್ಲ. ಇಲ್ಲಿಯ ಮೆಂಬರುಗಳು ಆರು ಹುಟ್ಟಿಸಿ ಏಳನೆಯದಕ್ಕೆ ಪೆಂಡಾಲು ಹಾಕಿಸಿದರೂ ಕೇಳುವವರಿರಲಿಲ್ಲ. ಒಂದೇ ಗುಡ್ಡದ ಈ ಕಡೆ ಹುಟ್ಟಿದರೆ ಮಗು, ಆ ಕಡೆ ಹುಟ್ಟಿದರೆ ಅಪರಾಧ. ಸರಕಾರದ ಲೆಕ್ಕ ಸರಕಾರಕ್ಕೇ ಪ್ರೀತಿ!

ವನಜಾಕ್ಷಿಗೆ ಎರಡೂ ಗಂಡು ಮಕ್ಕಳು. ಎರಡನೆಯವನು ಹುಟ್ಟಿದಾಗಲೇ ಅವಳು, ಆಪರೇಷನ್ ಮಾಡಿಸಿಕೊಂಡುಬಿಡುತ್ತೇನೆ ಎಂದಿದ್ದಳು. ಅತ್ತೆ ಬಿಡಲಿಲ್ಲ. "ಒಂದು ಹೆಣ್ಣಾಗ್ಲಿ ತಡಿಯೇ, ಹೆಣ್ಣಿಲ್ಲದ ಮನೇಲಿ ಹಬ್ಬ ಯಾರು ಮಾಡ್ತಾರೆ?" ಎಂದಳು. ಹಾಗಾದರೆ ನೀವಾದರೂ ಮಾಡಿಸಿಕೊಳ್ಳಿ ಎಂದು ಗಂಡನನ್ನು ಕೇಳಿದರೆ, "ಗಂಡಸು ಮಾಡಿಸ್ಕಂಡ್ರೆ ಮೂಟೆ ಎತ್ತಾಕಾಗಲ್ಲ" ಎಂದ. ಸರಪಂಚನಾದ ಮೇಲೆ ಅವನು ಎತ್ತಿದ ಮೂಟೆ ಯಾವುದೋ ದೇವರೇ ಬಲ್ಲ. ಅಂತೂ ಗೆದ್ದ ಹಾರ ಬಾಡುವ ಮೊದಲೇ ವನಜಾಕ್ಷಿಗೆ ಮುಟ್ಟು ನಿಂತಿತು.

ಅಂಜಿನೇಯ ಅವಳನ್ನು ಕರೆದುಕೊಂಡು ಚಳ್ಳಕೆರೆಗೆ ಬಂದ. ರಾಯದುರ್ಗದ ಆಸ್ಪತ್ರೆಯಲ್ಲಾದರೆ ಓಬಳಪ್ಪನ ಕಡೆಯವರ ಕಣ್ಣಿಗೆ ಬೀಳುತ್ತಾರಲ್ಲ! ಡಾಕ್ಟರಮ್ಮ ಪರೀಕ್ಷೆ ಮಾಡಿ, ಅವನನ್ನು ಹೊರಗೆ ಕಳಿಸಿ, ಬಾಗಿಲು ಮುಂದೆ ಮಾಡಿ ಕೇಳಿದರು.

"ತೆಗೆಸೋದು ನಿನಗೆ ಇಷ್ಟವೇನಮ್ಮ?"

ಇಂಥದ್ದನ್ನು ಅವಳನ್ನು ಯಾರೂ ಕೇಳಿರಲಿಲ್ಲ. ವನಜಾಕ್ಷಿ ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ, "ಇಲ್ಲ ಮೇಡಂ. ನಂಗೆ ಬೇಕು" ಎಂದಳು.

"ಹಾಗಾದ್ರೆ ಮುಗೀತು. ಬೇಡ ಅಂದಿದ್ರೆ ನಾನೇ ಮಾಡ್ತಿದ್ದೆ. ಕಾನೂನು ಕೇಳೋದು ನಿನ್ನ ಒಪ್ಪಿಗೆ. ನಿನ್ನ ಯಜಮಾನ್ರು ಬಾಗಿಲಲ್ಲಿ ನಿಂತು ನೂರು ಸಲ ಹೂಂ ಅಂದ್ರೂ ಅದು ನನಗೆ ಲೆಕ್ಕಕ್ಕಿಲ್ಲ."

ಅವಳಿಗೆ ಆಶ್ಚರ್ಯವಾಯಿತು. ಗಂಡನ ಕುರ್ಚಿ ಕಿತ್ತುಕೊಳ್ಳುವ ಕಾನೂನು ಗೊತ್ತಿತ್ತು, ತನ್ನ ಮಾತಿಗೆ ಬೆಲೆ ಕೊಡುವ ಕಾನೂನೂ ಒಂದಿದೆ ಎಂದು ಯಾರೂ ಹೇಳಿರಲಿಲ್ಲ. ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ತಲೆ ಎತ್ತಿಕೊಂಡೇ ಇಳಿದಳು.

ಅಷ್ಟಕ್ಕೇ ನಿಂತಿದ್ದರೆ ಕತೆಯೇ ಇರುತ್ತಿರಲಿಲ್ಲ. ವಾಪಸು ಹೋಗುವ ಬಸ್ಸು ತಳಕು ದಾಟಿದ ಮೇಲೆ ಅಂಜಿನೇಯ ಟವೆಲ್ಲು ಮುಖಕ್ಕೆ ಒತ್ತಿಕೊಂಡು ಅಳತೊಡಗಿದ. ಬೈದಿದ್ದರೆ ಅವಳು ಎದುರು ಬೈಯುತ್ತಿದ್ದಳು. ಅಳುವ ಗಂಡಸಿಗೆ ಏನು ಮಾಡಬೇಕು ಎಂದು ನಮ್ಮ ಹೆಣ್ಣುಮಕ್ಕಳಿಗೆ ಯಾರೂ ಕಲಿಸಿಲ್ಲ, ಕರಗಿಬಿಡುತ್ತಾರೆ. ಕರಗಿದ್ದು ಗೊತ್ತಾದ ಕೂಡಲೆ ಅವನು ಇನ್ನೊಂದು ಉಪಾಯ ತೆಗೆದ.

ವನಜಾಕ್ಷಿಯ ಅಣ್ಣ ಕೊಟ್ಟೂರಪ್ಪ ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಅವನ ಹೆಂಡತಿ ಶಶಿರೇಖಾ. ಮದುವೆಯಾಗಿ ಎಂಟು ವರ್ಷವಾದರೂ ಅವರಿಗೆ ಮಕ್ಕಳಿರಲಿಲ್ಲ. ವನಜಾಕ್ಷಿ ಹೊಟ್ಟೆ ಕಾಣುವ ಮೊದಲೇ ಚಳ್ಳಕೆರೆಗೆ ಹೋಗಿ ಅವರ ಮನೆಯಲ್ಲಿ ಇರುವುದು. ಹೆರಿಗೆಗೆ ಬೇರೆ ಆಸ್ಪತ್ರೆಯಲ್ಲಿ ಶಶಿರೇಖಾ ಎಂದು ಹೆಸರು ಬರೆಸುವುದು. ಹುಟ್ಟಿದ ಕೂಸು ಕೊಟ್ಟೂರಪ್ಪನದು ಎಂದು ಊರಿಗೆಲ್ಲ ಹೇಳುವುದು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. "ಬೇರೆಯೋರ ಮನೆಗಾ ಕೊಡ್ತಿರೋದು? ನಿನ್ನ ತವರು ಮನೆಗೇ ಅಲ್ವಾ" ಎಂದ ಅಂಜಿನೇಯ. ಎಷ್ಟು ಸಲೀಸಾಗಿ ಅಂದ!

ವನಜಾಕ್ಷಿ ಹೂಂ ಅಂದಳು. ಗಂಡನ ಕಣ್ಣೀರಿಗಿಂತ ಅತ್ತಿಗೆಯ ಮುಖ ಅವಳ ಮುಂದೆ ಬಂದಿತ್ತು. ಶಶಿರೇಖಾಳನ್ನು ಸೀಮಂತಕ್ಕೆ ಕರೆಯುತ್ತಿರಲಿಲ್ಲ, ಕರೆದರೂ ಆರತಿ ತಟ್ಟೆ ಮುಟ್ಟಲು ಬಿಡುತ್ತಿರಲಿಲ್ಲ. ಅವಳ ಮಡಿಲಲ್ಲಿ ಒಂದು ಕೂಸಿದ್ದರೆ ಯಾರಿಗೇನು ನಷ್ಟ ಎಂದುಕೊಂಡಳು. ಹೊಟ್ಟೆಯಲ್ಲಿರುವಾಗ ಹಾಗೆ ಅಂದುಕೊಳ್ಳುವುದು ಸುಲಭ.

ಹುಟ್ಟಿದ್ದು ಹೆಣ್ಣು. ಚಳ್ಳಕೆರೆಯ ಆ ಬಾಡಿಗೆ ಮನೆಯಲ್ಲಿ ಮೂರು ತಿಂಗಳು ವನಜಾಕ್ಷಿ ಬಾಗಿಲು ಹಾಕಿಕೊಂಡು ಹಾಲು ಕುಡಿಸಿದಳು, ಶಶಿರೇಖಾ ಬಾಗಿಲು ತೆಗೆದುಕೊಂಡು ಎತ್ತಿ ಆಡಿಸಿದಳು. ಅಕ್ಕಪಕ್ಕದವರಿಗೂ ಗಂಡನ ಊರಿನವರಿಗೂ ಶಶಿರೇಖಾ ಬಾಣಂತಿ, ವನಜಾಕ್ಷಿ ಬಾಣಂತನ ಮಾಡಲು ಬಂದ ನಾದಿನಿ. ಮೊಳಕಾಲ್ಮೂರಿನ ಹತ್ತಿರದ ಸಿದ್ದಾಪುರದಲ್ಲಿದ್ದ ವನಜಾಕ್ಷಿಯ ತಾಯಿ ರಂಗಕ್ಕನಿಗೆ ಮಾತ್ರ ನಿಜ ಗೊತ್ತಿತ್ತು. ಅವಳು ಊರಿನಲ್ಲಿ, "ಸೊಸೆ ಬಸುರಿ, ಡಾಕ್ಟ್ರು ಬಸ್ಸು ಹತ್ತಬ್ಯಾಡ ಅಂದವ್ರೆ" ಎಂದು ಹೇಳಿಕೊಂಡು ಬಂದಿದ್ದಳು. ಈಗ ಹೆಸರಿಡುವ ಶಾಸ್ತ್ರ ಸಿದ್ದಾಪುರದಲ್ಲಿ, ಕೊಟ್ಟೂರಪ್ಪ ಹುಟ್ಟಿದ ಮನೆಯಲ್ಲಿ. ಶಾಸ್ತ್ರ ಮುಗಿದ ಮೇಲೆ ಕೂಸು ಶಶಿರೇಖಾಳ ಜೊತೆ ಚಳ್ಳಕೆರೆಗೆ, ವನಜಾಕ್ಷಿ ಗಂಡನ ಜೊತೆ ಗಡಿಯಾಚೆಗೆ. ಹಾಗೆಂದು ಗೊತ್ತಾಗಿತ್ತು.

ಆ ಬೆಳಿಗ್ಗೆ ರಂಗಕ್ಕ ಮಗಳನ್ನು ಒಳಕೋಣೆಗೆ ಕರೆದು ಎರಡು ಮೊಳ ಮಲ್ಲಿಗೆ ತೆಗೆದಳು.

"ರವಿಕೆ ಬಿಚ್ಚು. ಎದಿಗೆ ಕಟ್ತೀನಿ. ಹಾಲು ಇಂಗಬೇಕಲ್ಲ."

"ಇವತ್ತೇ ಕಟ್ಟಬೇಕಾ ಅವ್ವ? ಸಂಜೆ ತಂಕ ಅವಳು ನನ್ನ ಹತ್ರಾನೇ ಇರ್ತಾಳಲ್ಲ."

"ಜನದ ಮುಂದೆ ಕೂಸು ಅತ್ತು ನಿನ್ನ ರವಿಕೆ ನೆಂದ್ರೆ ಏನಂತ ಹೇಳ್ಲಿ? ಸುಮ್ನೆ ನಿಂತ್ಕೋ."

ರಂಗಕ್ಕ ಹೂವನ್ನು ಎದೆಗೆ ಒತ್ತಿ ಸೀರೆಯ ಪಟ್ಟಿಯಿಂದ ಬಿಗಿದಳು. ಬಿಗಿಯುವಾಗ ಅವಳ ಕಣ್ಣಲ್ಲೂ ನೀರಿತ್ತು, ಆದರೆ ಕೈ ನಿಲ್ಲಲಿಲ್ಲ. ವನಜಾಕ್ಷಿಗೆ ತಾಯಿಯ ಮೇಲೆ ಹುಟ್ಟಿದಂದಿನಿಂದ ಬರದಷ್ಟು ಕೋಪ ಬಂತು. ಕೂಸು ಅಲ್ಲಿ ಜೀವಂತ ಇದೆ, ಎದೆಯಲ್ಲಿ ಹಾಲಿದೆ, ಇವರು ಹೂವು ಕಟ್ಟಿ ಬತ್ತಿಸುತ್ತಿದ್ದಾರೆ.

ಮಧ್ಯಾಹ್ನದ ಹೊತ್ತಿಗೆ ಪಡಸಾಲೆ ತುಂಬಿತು. ತೊಟ್ಟಿಲು ಕಟ್ಟಿದ್ದರು, ಗುಗ್ಗರಿ ಬೇಯಿಸಿದ್ದರು. ಅಂಗಳದ ಚಪ್ಪರದಲ್ಲಿ ಗಂಡಸರು ಕೂತಿದ್ದರು. ಅಂಜಿನೇಯ ಬಿಳಿ ಅಂಗಿ ಹಾಕಿಕೊಂಡು, ತನ್ನೂರಿನ ನಾಲ್ಕಾರು ಜನರನ್ನು ಜೀಪಿನಲ್ಲಿ ತುಂಬಿಕೊಂಡು, ಗಂಡುಮಕ್ಕಳಿಬ್ಬರನ್ನೂ ಕರೆತಂದಿದ್ದ. ಭಾವಮೈದುನನ ಮಗಳ ಹೆಸರಿಡುವುದಕ್ಕೆ ಸರಪಂಚರು ಜನ ಕಟ್ಟಿಕೊಂಡು ಬಂದಿದ್ದಾರೆ ಎಂದು ಊರಿನವರಿಗೆ ಹೆಮ್ಮೆ. ಅವನಿಗೆ ಬೇಕಾದದ್ದು ಸಾಕ್ಷಿ. ನಾಳೆ ಓಬಳಪ್ಪ ಏನಾದರೂ ವಾಸನೆ ಹಿಡಿದರೆ, ನಾವು ಕಣ್ಣಾರೆ ನೋಡಿದ್ದೇವೆ, ಅದು ಕೊಟ್ಟೂರಪ್ಪನ ಮಗಳು ಎಂದು ಹೇಳಲು ನಾಲ್ಕು ಬಾಯಿ.

ಶಶಿರೇಖಾ ಹಸಿರು ಸೀರೆ ಉಟ್ಟು, ಕೈತುಂಬ ಬಳೆ ತೊಟ್ಟು ಮಣೆಯ ಮೇಲೆ ಕೂತಿದ್ದಳು. ಎಂಟು ವರ್ಷ ಅವಳ ಎದುರು ಬಂದರೆ ದಾರಿ ಬದಲಿಸುತ್ತಿದ್ದ ಹೆಂಗಸರು ಈಗ ಸಾಲಾಗಿ ನಿಂತು ಅವಳಿಗೆ ಕುಂಕುಮ ಇಟ್ಟರು, ಮಡಿಲಿಗೆ ಅಕ್ಕಿ ಹಾಕಿದರು. ಅವಳು ಒಮ್ಮೆ ನಗುತ್ತಿದ್ದಳು, ಒಮ್ಮೆ ಕಣ್ಣೊರೆಸಿಕೊಳ್ಳುತ್ತಿದ್ದಳು. ವನಜಾಕ್ಷಿ ಮೂಲೆಯಿಂದ ಅದನ್ನು ನೋಡುತ್ತಿದ್ದಳು. ಆಗಲಿ, ಅವಳಾದರೂ ಸುಖವಾಗಿರಲಿ ಎಂದು ಮನಸ್ಸಿಗೆ ಹೇಳಿಕೊಂಡಳು. ಹೇಳಿದಷ್ಟೂ ಮನಸ್ಸು ಕೇಳಲಿಲ್ಲ.

ಆಗ ಚಿಕ್ಕಕ್ಕ ಎದ್ದಳು. ಚಿಕ್ಕಕ್ಕ ಎಂದರೆ ಆ ಕೇರಿಯ ಶಾಸ್ತ್ರಗಳಿಗೆಲ್ಲ ಯಜಮಾನಿ. ಹಲ್ಲು ಬಿದ್ದರೂ ಬಾಯಿ ಬೀಳದ ಮುದುಕಿ.

"ಸೋದರತ್ತೆ ಎಲ್ಲವ್ಳೆ? ವನಜೀ, ಬಾರೇ ಮುಂದಕ್ಕೆ! ಹೆಣ್ಣು ಕೂಸು ಹುಟ್ಟೈತೆ, ಮೂಲೇಲಿ ನಿಂತ್ರೆ ಆಯ್ತಾ? ನಿನ್ನ ದೊಡ್ಡ ಮಗನ್ನ ಕರಿ. ಸಕ್ಕರೆ ತರ್ರೇ!"

ವನಜಾಕ್ಷಿ ಬಂದು ತೊಟ್ಟಿಲ ಹಗ್ಗ ಹಿಡಿದುಕೊಂಡಳು.

ಆ ಕೇರಿಯ ಪದ್ಧತಿ ಅದು. ಅಣ್ಣನಿಗೋ ತಮ್ಮನಿಗೋ ಹೆಣ್ಣು ಕೂಸು ಹುಟ್ಟಿದರೆ, ಹೆಸರಿಡುವ ದಿನ ಸೋದರತ್ತೆ ತನ್ನ ಮಗನ ಕೈಯಿಂದ ಕೂಸಿನ ಬಾಯಿಗೆ ಸಕ್ಕರೆ ಹಾಕಿಸಿ, 'ಇದು ನಮ್ಮನೆ ಸೊಸೆ' ಎಂದು ಮೂರು ಸಲ ಕೂಗಬೇಕು. ಅದಾದ ಮೇಲೆಯೇ ಅವಳು ಕೂಸಿನ ಕಿವಿಯಲ್ಲಿ ಹೆಸರು ಹೇಳಿ, ಎಲ್ಲರಿಗೂ ಕೇಳುವ ಹಾಗೆ ಮೂರು ಸಲ ಕೂಗುವುದು. ಬೇರೆ ಕಡೆ ಇದನ್ನು ತಮಾಷೆಗೆ ಮಾಡಬಹುದು, ಸಿದ್ದಾಪುರದ ಆ ಕೇರಿಯಲ್ಲಿ ಅಲ್ಲ. ರಂಗಕ್ಕನ ಮದುವೆ ಆದದ್ದೇ ಹೀಗೆ ಹಾಕಿದ ಸಕ್ಕರೆಯ ಮೇಲೆ. ಮಾತು ಮುರಿದ ಮನೆಯವರನ್ನು ಕೇರಿಯವರು ಇವತ್ತಿಗೂ ಹೆಸರು ಹಿಡಿದು ಆಡಿಕೊಳ್ಳುತ್ತಾರೆ.

ಅಂಜಿನೇಯ ಆಸ್ಪತ್ರೆಯಲ್ಲಿ ಹೆಸರು ಬದಲಿಸಿದ, ಅಕ್ಕಪಕ್ಕದವರ ಕಣ್ಣಿಗೆ ಮಣ್ಣೆರಚಿದ, ಹಾಲು ಬತ್ತಿಸಲು ಹೂವು ತರಿಸಿದ. ಮಗಳನ್ನು ಹೆಂಡತಿಯ ಅಣ್ಣನಿಗೆ ಕೊಟ್ಟರೆ ಆ ಮಗಳು ತನ್ನ ಮಗನಿಗೇ ಹೆಣ್ಣಾಗುತ್ತಾಳೆ ಎನ್ನುವುದು ಮಾತ್ರ ಆ ಬುದ್ಧಿವಂತನಿಗೆ ಹೊಳೆಯಲಿಲ್ಲ. ರಂಗಕ್ಕನಿಗೂ ವನಜಾಕ್ಷಿಗೂ ಹೊಳೆದಿರಲಿಲ್ಲ. ಒಡಹುಟ್ಟಿದವರು ಎಂದು ಮನಸ್ಸಿನಲ್ಲಿ ಗೊತ್ತಿದ್ದವರಿಗೆ ಅಂಥ ಯೋಚನೆ ಎಲ್ಲಿಂದ ಬರಬೇಕು?

ಹುಡುಗಿಯೊಬ್ಬಳು ದೊಡ್ಡ ಮಗ ಪ್ರದೀಪನನ್ನು ಎಳೆದುಕೊಂಡು ಬಂದಳು. ಆರು ವರ್ಷದವನು, ಕೈಗೆ ಸಕ್ಕರೆ ಕೊಟ್ಟ ಕೂಡಲೆ ಅರ್ಧ ತಾನೇ ಮುಕ್ಕಿದ. ಹೆಂಗಸರು ಬಿದ್ದು ಬಿದ್ದು ನಕ್ಕರು.

"ನೋಡ್ರೇ, ಈಗ್ಲೇ ಹೆಂಡ್ತಿ ಪಾಲು ತಿಂತಾನೆ ಗಂಡ!"

"ಲೇ ಪ್ರದೀಪಾ, ಹೆಣ್ಣು ಒಪ್ಗೆ ಆಯ್ತೇನೋ? ಮೂಗು ನಿಮ್ಮವ್ವನ ಮೂಗೇ ಐತೆ ನೋಡು!"

"ಸೋದರತ್ತೆ ಮೂಗು ಸೊಸೆಗೆ ಬರೋದು ಹೊಸದಾ?"

ವನಜಾಕ್ಷಿ ತಾಯಿಯ ಕಡೆ ನೋಡಿದಳು. ರಂಗಕ್ಕನ ಮುಖ ಬಿಳಚಿಕೊಂಡಿತ್ತು.

"ಶಾಸ್ತ್ರ ಬ್ಯಾಡ ಚಿಕ್ಕಕ್ಕ," ಎಂದಳು ವನಜಾಕ್ಷಿ. "ಹಂಗೇ ಹೆಸರಿಡ್ರಿ."

ನಗು ನಿಂತಿತು. ಚಿಕ್ಕಕ್ಕ ಸೊಂಟದ ಮೇಲೆ ಕೈ ಇಟ್ಟಳು.

"ಬ್ಯಾಡ ಅಂದ್ರೆ? ಅಣ್ಣನ ಮಗಳು ಬ್ಯಾಡವಾ ನಿಂಗೆ? ಓಹೋ, ಸರಪಂಚರ ಹೆಂಡ್ತಿ ಆಗೀಯಲ್ಲ! ಮಿಲ್ಲಲ್ಲಿ ಕೂಲಿ ಮಾಡೋನ ಮಗಳು ಈಗ ನಿಮ್ಮನೆ ಹೊಸ್ತಿಲಿಗೆ ಸಾಲದಾ?"

"ಹಂಗಲ್ಲ ಚಿಕ್ಕಕ್ಕ..."

"ಮತ್ತೆಂಗೆ? ಎಂಟು ವರ್ಷಕ್ಕೆ ಒಂದು ಕೂಸು ಕಂಡವ್ಳೆ ನಿಮ್ಮತ್ತಿಗೆ. ಅವಳ ಮುಂದೆ ಈ ಮಾತು ಆಡ್ತೀಯಾ?"

ಹೆಂಗಸರಲ್ಲಿ ಗುಜುಗುಜು ಶುರುವಾಯಿತು. ಅದು ಚಪ್ಪರಕ್ಕೂ ಕೇಳಿ, ಅಂಜಿನೇಯ ಎದ್ದು ಬಾಗಿಲಿಗೆ ಬಂದ. ಹಿಂದೆಯೇ ಕೊಟ್ಟೂರಪ್ಪ. ವಿಷಯ ಏನೆಂದು ತಿಳಿದಾಗ ಅಂಜಿನೇಯ ಒಂದು ಕ್ಷಣ ಕಣ್ಣು ತಪ್ಪಿಸಿದ. ಹೌದು, ತಪ್ಪಿಸಿದ, ವನಜಾಕ್ಷಿ ನೋಡಿದಳು. ಅವನಿಗೂ ಮೈ ಜುಂ ಎಂದಿರಬೇಕು. ಆದರೆ ಹಿಂದೆ ಜೀಪಿನವರು ಇಣುಕುತ್ತಿದ್ದರು. ಅವನು ಗಂಟಲು ಸರಿಮಾಡಿಕೊಂಡು, "ಚೆಪ್ಪೇಯ್" ಎಂದ ಮೆಲ್ಲಗೆ. ಆಮೇಲೆ ಕನ್ನಡದಲ್ಲಿ, ಎಲ್ಲರಿಗೂ ಕೇಳುವ ಹಾಗೆ: "ಹೇಳ್ಬಿಡು. ದೊಡ್ಡೋರು ಹೇಳ್ತವ್ರೆ, ಶಾಸ್ತ್ರ ಯಾಕೆ ಬಿಡ್ತೀಯ?"

ರಂಗಕ್ಕ ಮಗಳ ಕಿವಿಗೆ ಬಂದು ಪಿಸುಗುಟ್ಟಿದಳು. "ಬಾಯಿಮಾತು ಕಣೇ. ಅಂದುಬಿಡು. ಮುಂದಿಂದು ಮುಂದೆ."

ಪ್ರದೀಪ ಸಕ್ಕರೆಯ ಮುಷ್ಟಿ ತೊಟ್ಟಿಲ ಮೇಲೆ ಚಾಚಿ, "ಅವ್ವಾ, ಹಾಕ್ಲಾ?" ಎಂದು ಕೇಳಿದ.

ವನಜಾಕ್ಷಿ ಮಗನ ಮುಂಗೈ ಹಿಡಿದುಕೊಂಡಳು. ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಸಕ್ಕರೆ ಬೆರಳ ಸಂದಿಯಿಂದ ನೆಲಕ್ಕೆ ಸುರಿಯಿತು. ಆಸ್ಪತ್ರೆಯಲ್ಲಿ ಸುಳ್ಳು ಹೆಸರು ಹೇಳಿದ್ದಳು, ನುಂಗಿಕೊಂಡಿದ್ದಳು. ಎದೆಗೆ ಹೂವು ಕಟ್ಟಿಸಿಕೊಂಡಿದ್ದಳು, ನುಂಗಿಕೊಂಡಿದ್ದಳು. ಇದು ಗಂಟಲಲ್ಲಿ ಇಳಿಯಲಿಲ್ಲ. ಮಗನಿಗೆ ಅವನ ತಂಗಿಯನ್ನು ತೋರಿಸಿ ಹೆಂಡತಿ ಎಂದು ತಾನೇ ಕೂಗಬೇಕೇ? ಥೂ, ಯಾವ ಕುರ್ಚಿಗೋಸ್ಕರ!

"ಬಾಯಿಮಾತಾ ಅವ್ವ?" ಎಂದಳು ಗಟ್ಟಿಯಾಗಿ. "ಈ ಕೇರೀಲಿ ಸಕ್ಕರೆ ಮಾತು ಬಾಯಿಮಾತಾಗಿದ್ದು ಯಾವಾಗ? ನಿನ್ನ ಕೊರಳಿಗೆ ತಾಳಿ ಬಿದ್ದಿದ್ದೇ ಆ ಮಾತಿಗಲ್ವಾ?" ಆಮೇಲೆ ಚಿಕ್ಕಕ್ಕನ ಕಡೆ ತಿರುಗಿದಳು. "ನಾನು ಇವಳಿಗೆ ಸೋದರತ್ತೆ ಅಲ್ಲ ಚಿಕ್ಕಕ್ಕ. ಹೆತ್ತವ್ವ. ಇವನು ಇವಳಿಗೆ ಗಂಡ ಅಲ್ಲ, ಅಣ್ಣ. ಒಂದೇ ಹೊಟ್ಟೇಲಿ ಹುಟ್ಟಿದ ಅಣ್ಣ."

ತೊಟ್ಟಿಲಿಗೆ ಕೈ ಹಾಕಿ ಕೂಸನ್ನು ಎತ್ತಿಕೊಂಡಳು. ಅಲ್ಲೇ ಗೋಡೆಗೊರಗಿ ಕೂತು, ಸೆರಗಿನೊಳಗೆ ಕೈ ಹಾಕಿ ಆ ಪಟ್ಟಿಯನ್ನು ಎಳೆದು ಬಿಸಾಡಿ, ಕೂಸಿಗೆ ಎದೆ ಕೊಟ್ಟಳು. ಬಾಡಿದ ಮಲ್ಲಿಗೆ ಮಡಿಲಿಗೆ ಉದುರಿತು. ಕೂಸು ಗುಟುಕು ಗುಟುಕಾಗಿ ಕುಡಿಯತೊಡಗಿತು.

ಮೊದಲು ಬಾಯಿ ತೆರೆದವಳು ಚಿಕ್ಕಕ್ಕ.

"ಅಯ್ಯೋ ನನ್ನವ್ವ! ಅದಕ್ಕೇ ಬೆಳಿಗ್ಗೆಯಿಂದ ನಿನ್ನ ಹತ್ರ ಬಂದ್ರೆ ಮಲ್ಲಿಗೆ ವಾಸ್ನೆ, ಮುಡೀಲಿ ನೋಡಿದ್ರೆ ಒಂದು ಹೂವಿಲ್ಲ! ಎಲಾ ರಂಗೀ, ಹಾಲು ಬತ್ತಿಸಾಕೆ ಹೊಂಟಿದ್ದೇನೇ? ಮೊಮ್ಮಗಳ ಬಾಯಿಂದ ಕಿತ್ಕೊಳ್ಳಾಕೆ ಕೈ ಹೆಂಗೆ ಬಂತೇ ನಿಂಗೆ?"

ರಂಗಕ್ಕ ಸೆರಗು ಬಾಯಿಗೆ ತುರುಕಿಕೊಂಡು ಕುಸಿದು ಕೂತಳು.

ಅಂಜಿನೇಯ ನುಗ್ಗಿ ಬಂದ. "ನೀಕು ಪಿಚ್ಚಿ ಪಟ್ಟಿಂದಾ? ಹುಚ್ಚು ಹಿಡಿದೈತೇನೇ? ಜೀಪಲ್ಲಿ ಬಂದೋರು ನಮ್ಮೂರೋರು ಕಣೇ. ಸಂಜೆ ಒಳಗೆ ಓಬಳಪ್ಪನಿಗೆ ಗೊತ್ತಾಗ್ತೈತೆ!"

"ಗೊತ್ತಾಗ್ಲಿ. ಗೊತ್ತಾಗ್ಲಿ ಅಂತಲೇ ಜೋರಾಗಿ ಹೇಳ್ತಿದೀನಿ."

"ನನ್ನ ಪದವಿ ಹೋಗ್ತೈತೆ!"

"ಹೋಗ್ಲಿ ರೀ." ಅವಳು ಕೂಸಿನ ತಲೆಯ ಮೇಲಿಂದ ಕೈ ತೆಗೆಯಲಿಲ್ಲ. "ಆಪರೇಷನ್ ಮಾಡಿಸ್ಕಂತೀನಿ ಅಂದಾಗ ನಿಮ್ಮ ತಾಯಿ ಬ್ಯಾಡ ಅಂದ್ರು ಅಂತ ಸುಮ್ನಾದೋರು ನೀವು. ನೀವು ಮಾಡಿಸ್ಕಳ್ರಿ ಅಂದ್ರೆ ಮೂಟೆ ಕತೆ ಹೇಳಿದೋರು ನೀವು. ಆದ ಮೇಲೆ ತೆಗೆಸು ಅಂದೋರು ನೀವು, ಬಚ್ಚಿಡು ಅಂದೋರೂ ನೀವೇ. ನಿಂಗೇನು ಬೇಕೇ ಅಂತ ಕೇಳಿದ್ದು ಯಾರು ಗೊತ್ತಾ? ಆ ಚಳ್ಳಕೆರೆ ಡಾಕ್ಟರಮ್ಮ ಒಬ್ಬರೇ. ಅವರಿಗೆ ಬೇಕು ಅಂದಿದ್ದೆ. ಈಗ್ಲೂ ಅದನ್ನೇ ಅಂತೀನಿ."

"ಕಾನೂನು ಐತಲ್ಲೇ..."

"ಕಾನೂನು ನಿಮ್ಮ ಕುರ್ಚಿಗೆ ಮಾಡವ್ರೆ. ಕುರ್ಚಿ ಬಿಟ್ಟು ಎದ್ದೇಳ್ರಿ, ಅದರ ಬಾಯಿ ಮುಚ್ಚುತ್ತೆ. ನನ್ನ ಮಡ್ಲಿಗೆ ಯಾರೂ ಕಾನೂನು ಮಾಡಿಲ್ಲ. ಮಾಡಿದ್ರೂ ನಾನು ಕೇಳಾಕಿಲ್ಲ. ಆಸ್ಪತ್ರೇಲಿ ತಪ್ಪು ಬರೆಸಿದ್ದನ್ನ ನಾನೇ ಹೋಗಿ ಒಪ್ಕೊಂಡು ತಿದ್ದಿಸ್ತೀನಿ. ನೀವು ಬಂದ್ರೆ ಬರ್ರಿ."

ಅಂಜಿನೇಯ ಅಳಲು ಶುರುಮಾಡಿದ. ಈ ಸಲ ಅವಳು ಕರಗಲಿಲ್ಲ. ಪಾಪ ಅನ್ನಿಸಿತು, ಅಷ್ಟೆ.

ಕರುಳು ಕಿತ್ತು ಬಂದದ್ದು ಶಶಿರೇಖಾಳ ಕಡೆ ನೋಡಿದಾಗ. ಅವಳು ಮಣೆಯ ಮೇಲೆ ಹಾಗೇ ಕೂತಿದ್ದಳು. ಮಡಿಲಲ್ಲಿ ಅಕ್ಕಿ ಇತ್ತು, ಹಣೆಯಲ್ಲಿ ಅಷ್ಟೂ ಹೆಂಗಸರ ಕುಂಕುಮ ಇತ್ತು. ಈಗಷ್ಟೇ ಅದನ್ನು ಇಟ್ಟವರು ಅವಳನ್ನು ಮತ್ತೆ ಹಳೆಯ ಕಣ್ಣಿನಿಂದ ನೋಡಲು ಶುರುಮಾಡಿದ್ದರು.

ಶಶಿರೇಖಾ ಎದ್ದು ನಿಂತಳು. ಅಕ್ಕಿ ನೆಲಕ್ಕೆ ಚೆಲ್ಲಿತು.

"ನೀನೇ ಕೊಟ್ಟೆ, ನೀನೇ ಕಿತ್ಕೊಂಡೆ," ಎಂದಳು. "ಮನೆಯೊಳಗೆ ಹೇಳಿದ್ರೆ ಆಗ್ತಿರಲಿಲ್ವಾ? ಊರ ಮುಂದೆ ನನ್ನ ಮಾನ ತೆಗೀಬೇಕಿತ್ತಾ?"

ವನಜಾಕ್ಷಿ ಕೂಸನ್ನು ಇನ್ನಷ್ಟು ಒತ್ತಿಕೊಂಡು ತಲೆ ತಗ್ಗಿಸಿದಳು.

"ಹೌದು ಅತ್ತಿಗೆ. ನಿಂಗೆ ಅನ್ಯಾಯ ಮಾಡಿದೀನಿ. ನಿನ್ನ ಕಾಲು ಹಿಡೀತೀನಿ, ಬೈದ್ರೆ ಬೈಸ್ಕಂತೀನಿ, ಹೊಡಿ ಬೇಕಾದ್ರೆ. ಕೂಸನ್ನ ಮಾತ್ರ ಕೇಳಬ್ಯಾಡ."

ಶಶಿರೇಖಾ ಒಳಗೆ ಹೋದಳು. ಕೊಟ್ಟೂರಪ್ಪ ಹೆಂಡತಿಯ ಹಿಂದೆ ಹೋಗಿ ಬಾಗಿಲಲ್ಲೇ ನಿಂತ, ಒಳಗೆ ಹೋಗುವ ಧೈರ್ಯ ಬರಲಿಲ್ಲ. ಚಪ್ಪರದಲ್ಲಿ ಜೀಪಿನವರು ತಮ್ಮತಮ್ಮಲ್ಲೇ ತೆಲುಗಿನಲ್ಲಿ ಮಾತಾಡಿಕೊಳ್ಳುತ್ತಿದ್ದರು. ಗುಗ್ಗರಿ ತಣ್ಣಗಾಯಿತು. ಯಾರೋ ಒಬ್ಬಳು, "ಬಂಜೆ ಮಡ್ಲಿಗೆ ಅಕ್ಕಿ ಹಾಕಿದೆವಲ್ರೇ" ಎಂದು ಮೂಗು ಮುರಿದಳು.

"ಮುಚ್ಚೇ ಬಾಯಿ!" ಎಂದು ವನಜಾಕ್ಷಿ ಅಲ್ಲಿಂದಲೇ ಗದರಿದಳು. "ಮೂರು ತಿಂಗಳು ಇವಳ ಹೊಲಸು ಬಳಿದೋಳು ಅವಳು. ಜ್ವರ ಬಂದ್ರೆ ಎದೆ ಮೇಲೆ ಮಲಗಿಸ್ಕೊಂಡೋಳು ಅವಳು. ಇನ್ನೊಂದ್ಸಲ ಆ ಮಾತು ಅಂದ್ರೆ ಗುಗ್ಗರಿ ಇಲ್ಲೇ ಇಟ್ಟು ಮನೆಗೆ ನಡಿ."

ಅಂದವಳು ಹೆಂಗಸರ ಹಿಂದೆ ಸರಿದಳು.

ಕೂಸು ಕುಡಿದು ಬಿಟ್ಟಿತು. ವನಜಾಕ್ಷಿ ರವಿಕೆ ಸರಿಮಾಡಿಕೊಂಡು ಅದನ್ನು ತೊಟ್ಟಿಲಿಗೆ ಹಾಕಿದಳು.

"ಇನ್ನೇನು ಮಾಡೋದು ಚಿಕ್ಕಕ್ಕ? ಹೆಸರು ಇಡಬೇಕಲ್ಲ."

ಚಿಕ್ಕಕ್ಕ ತಲೆ ಕೆರೆದುಕೊಂಡಳು. "ಇಡಬೇಕು ಕಣವ್ವ, ಸೂರ್ಯ ಮುಳುಗಾಕೆ ಮುಂಚೆ. ಆದ್ರೆ ಯಾರು ಕೂಗ್ತಾರೆ? ನಿನ್ನ ಗಂಡನ ಅಕ್ಕತಂಗೀರು ಯಾರೂ ಬಂದಿಲ್ಲ."

"ಸೋದರಮಾವನ ಹೆಂಡ್ತೀನೂ ಅತ್ತೆ ಅಲ್ವಾ?"

"ಅಲ್ಲದೆ ಮತ್ತೆ!"

ವನಜಾಕ್ಷಿ ಒಳಕೋಣೆಯ ಬಾಗಿಲಿಗೆ ಹೋಗಿ ಅಣ್ಣನನ್ನು ಪಕ್ಕಕ್ಕೆ ಸರಿಸಿದಳು. "ಅತ್ತಿಗೇ," ಎಂದಳು. "ಬಾ. ನೀನೇ ಕೂಗಬೇಕು."

"ನಾನು ಬರಲ್ಲ."

"ನೀನು ಬರೋ ತಂಕ ನನ್ನ ಮಗಳಿಗೆ ಹೆಸರಿಲ್ಲ. ಕಾಯ್ತೀನಿ."

ಹೇಳಿದ ಹಾಗೆ ಹೊಸ್ತಿಲ ಮೇಲೇ ಕೂತಳು. ಹೆಂಗಸರೂ ಎದ್ದು ಹೋಗಲಿಲ್ಲ. ಇಂಥ ಹೊತ್ತಿನಲ್ಲಿ ಎದ್ದು ಹೋಗುವಷ್ಟು ಕೆಲಸ ಯಾರಿಗಿರುತ್ತದೆ! ಬಿಸಿಲು ಪಡಸಾಲೆಯಿಂದ ಅಂಗಳಕ್ಕೆ ಜಾರಿತು. ಅಂಜಿನೇಯ ಕಂಬಕ್ಕೆ ಒರಗಿ, ಚಪ್ಪರದ ಕಡೆ ನೋಡಲಾರದೆ ನೆಲ ನೋಡುತ್ತಿದ್ದ.

ಕೊನೆಗೆ ಶಶಿರೇಖಾ ಬಂದಳು. ಮುಖ ತೊಳೆದುಕೊಂಡಿದ್ದಳು, ಹಣೆಯ ಕುಂಕುಮವೂ ಹೋಗಿತ್ತು. ವನಜಾಕ್ಷಿಯನ್ನು ನೋಡದೆ ದಾಟಿಕೊಂಡು ತೊಟ್ಟಿಲಿನ ಹತ್ತಿರ ಹೋದಳು. ಬಗ್ಗಿ, ಕೂಸಿನ ಕಿವಿಗೆ ಬಾಯಿ ಹಚ್ಚಿ ಏನೋ ಹೇಳಿದಳು. ಬಹಳ ಹೊತ್ತು ಹಾಗೇ ಬಗ್ಗಿಕೊಂಡಿದ್ದಳು.

"ನಮಗೂ ಕೇಳಂಗೆ ಕೂಗವ್ವ," ಎಂದಳು ಚಿಕ್ಕಕ್ಕ, ಮೊದಲ ಸಲ ಮೆತ್ತಗೆ.

"ದಿವ್ಯಾ ಅಂತ," ಎಂದ ಅಂಜಿನೇಯ ನೆಲ ನೋಡುತ್ತಲೇ. ಆ ಹೆಸರು ಆರಿಸಿಟ್ಟಿದ್ದವನು ಅವನೇ.

"ಅಲ್ಲ ಅಣ್ಣಾ," ಎಂದಳು ಶಶಿರೇಖಾ. ನೆಟ್ಟಗೆ ನಿಂತಳು. "ಕೊಲ್ಲಾಪುರಮ್ಮ. ನಂಗೊಂದು ಹೆಣ್ಣು ಕೊಟ್ರೆ ನಿನ್ನ ಹೆಸರೇ ಇಡ್ತೀನಿ ಅಂತ ತಾಯಿಗೆ ಹರಕೆ ಹೊತ್ತಿದ್ದೆ. ನಂಗೆ ಕೊಡಲಿಲ್ಲ. ಹೆಸರು ಯಾಕೆ ಸುಮ್ನೆ ಇಟ್ಕಳ್ಲಿ, ಇವಳಿಗೆ ಕೊಟ್ಟಿದೀನಿ."

ಆಮೇಲೆ ಅವಳು ಚಪ್ಪರದಲ್ಲಿ ಕೂತಿದ್ದ ಜೀಪಿನವರ ಕಡೆಗೇ ಮುಖ ಮಾಡಿದಳು. ಎಂಟು ವರ್ಷ ಎಲ್ಲರ ಮುಂದೆ ತಗ್ಗಿಸಿದ ದನಿ ಅದು, ಇಷ್ಟು ದೊಡ್ಡದಿದೆ ಎಂದು ಕಟ್ಟಿಕೊಂಡ ಗಂಡನಿಗೂ ಗೊತ್ತಿರಲಿಲ್ಲ.

"ಕೊಲ್ಲಾಪುರಮ್ಮ! ವನಜಾಕ್ಷಿ ಹೆತ್ತ ಮಗಳು! ಸರಪಂಚ ಅಂಜಿನೇಯಪ್ಪನ ಮೂರನೇ ಕೂಸು!"

ಎರಡನೇ ಸಲ ಕೂಗಿದಳು. ಹೆಂಗಸರು ಒಬ್ಬೊಬ್ಬರಾಗಿ ದನಿಗೂಡಿಸಿದರು. ಮೂರನೇ ಸಲ 'ವನಜಾಕ್ಷಿ ಹೆತ್ತ' ಎನ್ನುವಲ್ಲಿಗೆ ಅವಳು ಕೂಗು ನಿಲ್ಲಿಸಿ ತೊಟ್ಟಿಲ ಕಡೆ ತಿರುಗಿದಳು. ವನಜಾಕ್ಷಿ ಎದ್ದು ಬಂದು ಅತ್ತಿಗೆಯ ಕೈ ಹಿಡಿದುಕೊಂಡು ಉಳಿದದ್ದನ್ನು ತಾನೇ ಕೂಗಿದಳು, ತೊಟ್ಟಿಲಲ್ಲಿದ್ದ ಕೂಸು ಬೆಚ್ಚಿಬಿದ್ದು ಅಳುವಷ್ಟು ಜೋರಾಗಿ.